ಡಸ್ಟ್ ಆರ್‌ಜಿಬಿಯಲ್ಲಿ ಧೂಳು ಗುಲಾಬಿ ಬರುತ್ತಲೇ ಇಲ್ಲ, ಮಧ್ಯಾಹ್ನ ಹೊಗೆಯೂ ಕಾಣೆ

ಮುಗಿಲುನೋಟ: ನನ್ನ ಡಿಶ್‌ನಲ್ಲಿ ಹವಾಮಾನ ಉಪಗ್ರಹದ ಚಿತ್ರ ಹಿಡಿದು ಡಸ್ಟ್ ಆರ್‌ಜಿಬಿ (ಇನ್‌ಫ್ರಾರೆಡ್ ಚಾನೆಲ್‌ಗಳನ್ನು ಕೆಂಪು, ಹಸಿರು, ನೀಲಿಯಾಗಿ ಬೆರೆಸಿ ಧೂಳು ತೋರಿಸುವ ಚಿತ್ರ) ಮಾಡುತ್ತಿದ್ದೇನೆ. ಮೂರು ದಿನದಿಂದ ತಲೆ ಕೆಟ್ಟುಹೋಗಿದೆ. ಸಹಾರಾದಿಂದ ಎದ್ದ ಧೂಳು ಅಟ್ಲಾಂಟಿಕ್ ದಾಟುತ್ತಿದೆ. ಎಲ್ಲರ ಚಿತ್ರದಲ್ಲೂ ಢಾಳಾಗಿ ಗುಲಾಬಿ. ನನ್ನದರಲ್ಲಿ ಸಮುದ್ರವೆಲ್ಲ ತಿಳಿ ನೀಲಿಹಸಿರು, ಧೂಳಿರುವ ಕಡೆ ಬರೀ ಬಿಳಚು. ಇನ್ನೊಂದು: ಕಾಡ್ಗಿಚ್ಚಿನ ಹೊಗೆ ನಿನ್ನೆ ಸಂಜೆ ಚೆನ್ನಾಗಿ ಕಾಣುತ್ತಿತ್ತು, ಇವತ್ತು ಮಧ್ಯಾಹ್ನ ಮಾಯ. ಸ್ಕ್ರಿಪ್ಟ್ ಹತ್ತು ಸಲ ನೋಡಿದ್ದೇನೆ, ಸರಿಯಾಗಿಯೇ ಇದೆ. ಯಾರಾದರೂ ದಾರಿ ತೋರಿಸಿ.

ಡಿಶ್‌ರಾಜ: ಇದು ಸಿಗ್ನಲ್ ಸಮಸ್ಯೆ. ಗೋಸ್ ಈಸ್ಟ್ (ಅಮೆರಿಕದ ಹವಾಮಾನ ಉಪಗ್ರಹ) ತಾನೇ? 1694.1 ಮೆಗಾಹರ್ಟ್ಸ್‌ನಲ್ಲಿ ಎಸ್‌ಎನ್‌ಆರ್ (ಗದ್ದಲಕ್ಕೆ ಹೋಲಿಸಿದ ಸಿಗ್ನಲ್ ಬಲ) ಎಷ್ಟಿದೆ? ಎಲ್‌ಎನ್‌ಎ (ಕ್ಷೀಣ ಸಿಗ್ನಲ್ ಹಿಗ್ಗಿಸುವ ಆಂಪ್ಲಿಫೈಯರ್) ಬಿಸಿಲಿಗೆ ಕಾದಿರುತ್ತದೆ, ಅದಕ್ಕೇ ಮಧ್ಯಾಹ್ನ ಹೊಗೆ ಕಾಣಿಸದು. ನೆರಳಲ್ಲಿ ಕಟ್ಟಿ ನೋಡಿ.

ಮುಗಿಲುನೋಟ: ಹೌದು ಸರ್, ಗೋಸ್ ಈಸ್ಟ್, ಎಚ್‌ಆರ್‌ಐಟಿ (ಅದರ ಕೆಲವೇ ಚಾನೆಲ್‌ಗಳ ಪ್ರಸಾರ). ಒಂದು ಡೇಟಾ ಪ್ಯಾಕೆಟ್ ಕೂಡ ತಪ್ಪಿಹೋಗಿಲ್ಲ.

ಡಿಶ್‌ರಾಜ: ಆದರೂ ಫೀಡ್ (ಡಿಶ್ ಮುಂದಿರುವ ಸಣ್ಣ ಆಂಟೆನಾ) ಅನ್ನು ಅರ್ಧ ಇಂಚು ಹಿಂದೆ ಮುಂದೆ ಸರಿಸಿ ನೋಡಿ. ಸಾ ಫಿಲ್ಟರ್ (ಬೇಡದ ಸಿಗ್ನಲ್ ತಡೆಯುವ ಬಿಡಿಭಾಗ) ಕೈಕೊಟ್ಟರೂ ಹೀಗೇ ಆಗುತ್ತದೆ.

ನೆಸರು: ಡಿಜಿಟಲ್ ಸಿಗ್ನಲ್ ಸರ್ ಇದು. ಕೆಟ್ಟರೆ ಚಿತ್ರದಲ್ಲಿ ಕಪ್ಪು ಪಟ್ಟಿ ಬರುತ್ತದೆ, ಬಣ್ಣ ಬದಲಾಗುವುದಿಲ್ಲ. ಮುಗಿಲುನೋಟ ಅವರೇ, ಕಳೆಯುವ ಕ್ರಮ ಹೇಗಿಟ್ಟಿದ್ದೀರಿ? ಕೆಂಪಿಗೆ 12.3 ಮೈಕ್ರಾನ್ ತರಂಗಾಂತರದ ಚಾನೆಲ್ ತೋರಿಸುವ ತಾಪಮಾನದಿಂದ 10.3ರದ್ದನ್ನು ಕಳೆಯಬೇಕು. ಹಿಂದುಮುಂದಾದರೆ ಧೂಳಿನ ಕೆಂಪೇ ಹೋಗುತ್ತದೆ.

ಡಿಶ್‌ರಾಜ: ಎಲ್‌ಎನ್‌ಎ ಅಲ್ಲ ಅಂತ ನೋಡದೆ ಹೇಗೆ ಹೇಳುತ್ತೀರಿ? ನಾನು ಕಣ್ಣಾರೆ ಕಂಡಿದ್ದೇನೆ.

ಮುಗಿಲುನೋಟ: ಕ್ರಮ ಸರಿ ಇದೆ ಮೇಡಂ. ಕೆಂಪು: ಚಾನೆಲ್ 15ರಿಂದ (12.3) 13 (10.3) ಕಳೆದದ್ದು. ಹಸಿರು: 14ರಿಂದ 8 ಕಳೆದದ್ದು. ನೀಲಿ: 13. ಹಸಿರಿಗೆ 8.4 ಬೇಕು ಅಂತ ಓದಿದ್ದೆ, ಅದಕ್ಕೆ 8 ಹಾಕಿದೆ.

ನೆಸರು: ಸಿಕ್ಕಿತು! 8.4 ಅನ್ನುವುದು ಮೈಕ್ರಾನ್ ಲೆಕ್ಕ, ಅದರ ಚಾನೆಲ್ ನಂಬರ್ 11. ನೀವು ಹಾಕಿದ ಚಾನೆಲ್ 8 ಅಂದರೆ 6.2 ಮೈಕ್ರಾನ್, ಮೇಲ್ಮಟ್ಟದ ನೀರಾವಿ ನೋಡುವ ಪಟ್ಟಿ. ಅದು ಯಾವಾಗಲೂ ತಣ್ಣಗೆ. ಬೆಚ್ಚಗಿನ ಸಮುದ್ರದಿಂದ ಅದನ್ನು ಕಳೆದರೆ ವ್ಯತ್ಯಾಸ 20 ಡಿಗ್ರಿ ದಾಟುತ್ತದೆ. ರೆಸಿಪಿಯಲ್ಲಿ (ಬಣ್ಣ ಬೆರೆಸುವ ಸೂತ್ರದಲ್ಲಿ) ಹಸಿರಿನ ಗರಿಷ್ಠ ಮಿತಿಯೇ 20. ಹಾಗಾಗಿ ಹಸಿರು ಎಲ್ಲ ಕಡೆ ತುಂಬಿಬಿಡುತ್ತದೆ. ನೀಲಿ ಜೊತೆ ಸೇರಿದರೆ ನೀಲಿಹಸಿರು, ಧೂಳಿನ ಕೆಂಪೂ ಸೇರಿದರೆ ಬಿಳಿ. ನಿಮ್ಮ ಚಿತ್ರದಲ್ಲಿ ಇರುವುದು ಅದೇ ಅಲ್ವಾ?

ತೊಂದರೆ ಏನೆಂದರೆ, ಎಚ್‌ಆರ್‌ಐಟಿಯಲ್ಲಿ ಚಾನೆಲ್ 11 ಬರುವುದೇ ಇಲ್ಲ. ಉಪಗ್ರಹದ 16 ಚಾನೆಲ್‌ಗಳಲ್ಲಿ 2, 7, 8, 9, 13, 14, 15 ಮಾತ್ರ. ಸುಮ್ನೆ ಈ ಸಲ ಕ್ರಮ ತಿರುಗಿಸಿ 13ರಿಂದ 15 ಕಳೆದು ಕಪ್ಪು ಬಿಳುಪಿನಲ್ಲಿ ನೋಡಿ. ಸೊನ್ನೆಗಿಂತ ಕೆಳಗೆ ಹೋದ ಕಡೆ ಧೂಳು, ಸೊನ್ನೆಗಿಂತ ಜಾಸ್ತಿ ಮೇಲಿದ್ದ ಕಡೆ ತೆಳು ಸಿರಸ್ (ಎತ್ತರದ ಹಿಮಕಣಗಳ) ಮೋಡ ಇರಬಹುದು. ಪೂರ್ತಿ ರೆಸಿಪಿ ಬೇಕಾದರೆ ನೋವಾದವರು (ಅಮೆರಿಕದ ಹವಾಮಾನ ಸಂಸ್ಥೆ) ಎಲ್ಲ ಚಾನೆಲ್‌ಗಳನ್ನೂ ಅಮೆಜಾನ್ ಕ್ಲೌಡ್‌ನಲ್ಲಿ ಉಚಿತವಾಗಿ ಇಟ್ಟಿದ್ದಾರೆ.

ಡಿಶ್‌ರಾಜ: ಡೌನ್‌ಲೋಡ್ ಮಾಡಿದರೆ ಹವ್ಯಾಸ ಎಲ್ಲಿ ಉಳಿಯಿತು? ಆಂಟೆನಾದಿಂದ ಹಿಡಿದದ್ದೇ ಚಿತ್ರ.

ಜಾಲಿಡಿಶ್: ಹಾಗಾದರೆ ಜಿಆರ್‌ಬಿ (ಅದೇ ಉಪಗ್ರಹದ ಪೂರ್ತಿ ಡೇಟಾ ಪ್ರಸಾರ) ಹಿಡಿಯಿರಿ, 16 ಚಾನೆಲ್ಲೂ ಬರುತ್ತವೆ. ನನ್ನದು 1.8 ಮೀಟರ್ ಡಿಶ್, ಸೆಪ್ಟಮ್ ಫೀಡ್ (ಎಡಕ್ಕೆ, ಬಲಕ್ಕೆ ತಿರುಗುವ ಅಲೆಗಳನ್ನು ಬೇರ್ಪಡಿಸುವ ಫೀಡ್), ಎರಡೂ ಪೋಲರೈಸೇಶನ್‌ಗೆ ಬೇರೆ ಬೇರೆ ಎಲ್‌ಎನ್‌ಎ. ಫೀಡ್ ನಾನೇ ತಾಮ್ರದ ತಗಡು ಕತ್ತರಿಸಿ ಬೆಸುಗೆ ಹಾಕಿದ್ದು. ಫೋಟೋ ಹಾಕಲಾ?

ಡಿಶ್‌ರಾಜ: ಹಾಕಿ ಹಾಕಿ. ಮೌಂಟ್ ಯಾವುದು?

ಮುಗಿಲುನೋಟ: 13ರಿಂದ 15 ಕಳೆದೆ. ಬಂತು! ಆಫ್ರಿಕಾ ಕರಾವಳಿಯಿಂದ ನಾಲಿಗೆ ಚಾಚಿದ ಹಾಗೆ ಧೂಳು ಕಾಣುತ್ತಿದೆ. ತುಂಬಾ ಥ್ಯಾಂಕ್ಸ್ ಮೇಡಂ. ಆದರೆ ಅಂಚು ಮೆಟ್ಟಿಲು ಮೆಟ್ಟಿಲಾಗಿದೆ. ಹೊಗೆಯ ಪ್ರಶ್ನೆಯೂ ಹಾಗೇ ಉಳಿಯಿತು.

ನೆಸರು: ಮೆಟ್ಟಿಲಿಗೆ ಕಾರಣ ಎಚ್‌ಆರ್‌ಐಟಿ ಚಿತ್ರದ 8 ಬಿಟ್. ಇಡೀ ತಾಪಮಾನ 256 ಹಂತಗಳಲ್ಲಿ ಮುಗಿಯಬೇಕು, ನಾವು ಹುಡುಕುವುದು ಒಂದೆರಡು ಡಿಗ್ರಿ ವ್ಯತ್ಯಾಸ. ಹೊಗೆ ಎಲ್ಲೂ ಹೋಗಿಲ್ಲ. ಸೂರ್ಯ ಕೆಳಗಿದ್ದಾಗ ಹೊಗೆಯ ಕಣಗಳು ಬೆಳಕನ್ನು ಉಪಗ್ರಹದ ಕಡೆಗೆ ಜಾಸ್ತಿ ಚೆಲ್ಲುತ್ತವೆ. ನಡು ಹಗಲಲ್ಲಿ ಅದು ಕಡಿಮೆ. ಹೊಗೆ ಚೆನ್ನಾಗಿ ಕಾಣುವ 0.47 ಮೈಕ್ರಾನ್ ನೀಲಿ ಚಾನೆಲ್ಲೂ ನಿಮಗೆ ಬರುತ್ತಿಲ್ಲ. ರಾತ್ರಿ 13ರಲ್ಲಿ ಹುಡುಕಬೇಡಿ, ಅಷ್ಟು ಸಣ್ಣ ಕಣಗಳನ್ನು ಇನ್‌ಫ್ರಾರೆಡ್ ದಾಟಿಹೋಗುತ್ತದೆ. ಚಾನೆಲ್ 7ರಲ್ಲಿ ಬೆಂಕಿಯ ಬಿಸಿ ಚುಕ್ಕೆ ಸಿಗುತ್ತದೆ, ಅಲ್ಲಿಂದ ಗಾಳಿಯ ದಿಕ್ಕು ಹಿಡಿದು ಬೆಳಿಗ್ಗೆ ಚಾನೆಲ್ 2ರಲ್ಲಿ ಹೊಗೆ ನೋಡಿ.

ಮುಗಿಲುನೋಟ: ನಾಳೆ ಸೂರ್ಯೋದಯಕ್ಕೇ ಅಲಾರಂ ಇಟ್ಟಿದ್ದೇನೆ. ಚಿತ್ರ ಇಲ್ಲೇ ಹಾಕುತ್ತೇನೆ.

ಡಿಶ್‌ರಾಜ: ಜಾಲಿಡಿಶ್ ಅವರೇ, ಫೋಟೋ ಇನ್ನೂ ಬರಲಿಲ್ಲ?