ಎರ್ಲಾಂಗೆನ್‌ಗೆ ಹೊಸಬರು: ಇಲ್ಲಿನ ಹಬ್ಬಗಳಿಗೆ ಸೇರೋದು ಹೇಗೆ, ನಮ್ಮ ಹಬ್ಬ ಮಾಡೋದು ಹೇಗೆ?

ಕೇಳಿದವರು, ದಾವಣಗೆರೆಯಿಂದ ಬಂದವರು:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯವರ ಕೆಲಸದ ಸಲುವಾಗಿ ಜರ್ಮನಿಯ ಎರ್ಲಾಂಗೆನ್‌ಗೆ ಬಂದಿದ್ದೇವೆ. ಮಗಳಿಗೆ ಐದು ವರ್ಷ, ಕಿಂಡರ್‌ಗಾರ್ಟನ್‌ಗೆ ಹೋಗುತ್ತಾಳೆ. ನಾವು ಸಸ್ಯಾಹಾರಿಗಳು, ಕುಡಿಯುವುದಿಲ್ಲ. ಜರ್ಮನ್ ಅಷ್ಟಕ್ಕಷ್ಟೆ. ಊರಲ್ಲಿ ಸದಾ ಏನೋ ಒಂದು ಹಬ್ಬ ಇರುತ್ತದೆ. ಹೋಗುತ್ತೇವೆ, ಫೋಟೋ ತೆಗೆಯುತ್ತೇವೆ, ವಾಪಸ್ ಬರುತ್ತೇವೆ, ಅಷ್ಟೆ. ಹೊರಗೆ ನಿಂತು ನೋಡುವ ಹಾಗಾಗಿದೆ. ಯಾವುದಕ್ಕೆ ಸುಮ್ನೆ ಹೋಗಬಹುದು, ಯಾವುದಕ್ಕೆ ಕರೆದರೆ ಮಾತ್ರ ಹೋಗಬೇಕು? ನಮ್ಮ ಹಬ್ಬಗಳನ್ನು ಬಾಡಿಗೆ ಮನೆಯಲ್ಲಿ ಮಾಡಿದರೆ ಯಾರಾದರೂ ತಕರಾರು ಮಾಡುತ್ತಾರಾ? ಅನುಭವ ಇರುವವರು ಹೇಳಿ.

ಶಿವಮೊಗ್ಗ ಮೂಲದ ತಾಯಿ:

ಮಗಳು ಕಿಂಡರ್‌ಗಾರ್ಟನ್‌ನಲ್ಲಿ ಇದ್ದಾಳೆ ಅಂದರೆ ಅರ್ಧ ಕೆಲಸ ಆದ ಹಾಗೆ. ಈ ಊರಿನ ಹಬ್ಬಗಳಿಗೆ ಮಕ್ಕಳೇ ಬಾಗಿಲು. ನವೆಂಬರ್ 11ರ ಸೇಂಟ್ ಮಾರ್ಟಿನ್ ದಿನದಿಂದ ಶುರು ಮಾಡಿ. ಚಳಿಯಲ್ಲಿ ಕೂತಿದ್ದ ಭಿಕ್ಷುಕನಿಗೆ ಮಾರ್ಟಿನ್ ಎಂಬ ರೋಮನ್ ಸೈನಿಕ ತನ್ನ ಮೇಲಂಗಿಯನ್ನು ಕತ್ತಿಯಿಂದ ಸೀಳಿ ಅರ್ಧ ಕೊಟ್ಟ ಎಂಬ ಕಥೆ. ಅವನ ನೆನಪಿಗೆ ಮಕ್ಕಳು ಕಾಗದದ ಲಾಟೀನು ಹಿಡಿದು ಸಂಜೆ ಕತ್ತಲಲ್ಲಿ ಹಾಡುತ್ತಾ ಮೆರವಣಿಗೆ ಹೋಗುತ್ತಾರೆ. ಕೆಲವು ಕಡೆ ಮುಂದೆ ಕುದುರೆಯ ಮೇಲೆ ಮಾರ್ಟಿನ್ ವೇಷದವರೂ ಇರುತ್ತಾರೆ. ಕೊನೆಗೆ ಬೆಂಕಿಯ ಸುತ್ತ ನಿಂತು ಬ್ರೆಡ್ಡಿನಂಥ ಸಿಹಿ ಬನ್ ಮುರಿದು ಹಂಚಿಕೊಳ್ಳುತ್ತಾರೆ.

ಮೆರವಣಿಗೆಗಿಂತ ಮುಖ್ಯ ಅದಕ್ಕೆ ಮೊದಲು ಬರುವ ಲಾಟೀನು ಮಾಡುವ ಸಂಜೆ. ತಂದೆ ತಾಯಿಯರನ್ನು ಕರೆಯುತ್ತಾರೆ. ಸಣ್ಣ ಕುರ್ಚಿಗಳಲ್ಲಿ ಕೂತು ಕತ್ತರಿ, ಗೋಂದು, ಬಣ್ಣದ ಕಾಗದ. ಕೈಗೆ ಕೆಲಸ ಇರುವಾಗ ಭಾಷೆ ಅಷ್ಟು ಬೇಕಾಗುವುದಿಲ್ಲ. ಗೋಂದು ಕೊಡಿ, ಕತ್ತರಿ ಕೊಡಿ ಅನ್ನುವಷ್ಟು ಬಂದರೆ ಸಾಕು. ನನಗೆ ಇಲ್ಲಿ ಸಿಕ್ಕ ಗೆಳತಿಯರೆಲ್ಲ ಆ ಮೇಜಿನವರೇ. ಆ ಸಂಜೆ ತಪ್ಪಿಸಬೇಡಿ. ನಿಮ್ಮ ಮನೆಯವರನ್ನೂ ಕರೆದುಕೊಂಡು ಹೋಗಿ, ಅಪ್ಪಂದಿರೂ ಬರುತ್ತಾರೆ.

ಆಮೇಲೆ ಡಿಸೆಂಬರ್ 5ರ ರಾತ್ರಿ ಮಗಳ ಬೂಟು ಒರೆಸಿ ಬಾಗಿಲ ಹೊರಗೆ ಇಡಿ. 6ನೇ ತಾರೀಕು ನಿಕೋಲಾಸ್ ದಿನ. ಬೆಳಗ್ಗೆ ಅದರಲ್ಲಿ ಕಿತ್ತಳೆ, ಕಡಲೆಕಾಯಿ, ಚಾಕೊಲೇಟ್ ಇರಬೇಕು. ತುಂಬುವವರು ನೀವೇ. ನಿಮ್ಮ ಮೆಟ್ಟಿಲಿನಲ್ಲಿ ಬೇರೆ ಮಕ್ಕಳ ಬೂಟು ಕಂಡರೆ ಅದಕ್ಕೂ ಒಂದೊಂದು ಕಿತ್ತಳೆ ಹಾಕಿ. ಪಕ್ಕದ ಮನೆಯವರ ಜೊತೆ ಮಾತು ಶುರುವಾಗಲು ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ.

ಕುಮಟಾದ ಹುಡುಗ, ಇಲ್ಲಿ ಓದುತ್ತಿರುವವನು:

ಅಕ್ಕ, ಲಾಟೀನು ಎಲ್ಲ ಸರಿ. ಆದರೆ ಎರ್ಲಾಂಗೆನ್ ಹಬ್ಬ ಅಂದರೆ ಬೆರ್ಗ್! ಪೂರ್ತಿ ಹೆಸರು ಬೆರ್ಗ್‌ಕಿರ್ಖ್‌ವೈ, ಆದರೆ ಯಾರೂ ಅಷ್ಟು ಉದ್ದ ಹೇಳುವುದಿಲ್ಲ. 1755ರಿಂದ ನಡೆಯುತ್ತಿದೆ. ಕೊರೊನಾ ಕಾಲದಲ್ಲಿ 2020, 2021 ಎರಡು ವರ್ಷ ನಿಂತಿತ್ತು. ಪೆಂಟಕೋಸ್ಟ್ (ಈಸ್ಟರ್ ಆದ ಏಳು ವಾರಕ್ಕೆ ಬರುವ ಕ್ರೈಸ್ತ ಹಬ್ಬ) ಭಾನುವಾರಕ್ಕೆ ಮುಂಚಿನ ಗುರುವಾರ ಸಂಜೆ 5ಕ್ಕೆ ಮೊದಲ ಬಿಯರ್ ಪೀಪಾಯಿ ತೆರೆಯುತ್ತಾರೆ, ಆಮೇಲೆ 12 ದಿನ. 2026ರಲ್ಲಿ ಮೇ 21ರಿಂದ ಜೂನ್ 1. ಊರಿನ ಉತ್ತರಕ್ಕೆ ಇರುವ ಗುಡ್ಡದ ಒಳಗೆ ಹಿಂದಿನ ಕಾಲದಲ್ಲಿ ಬಿಯರ್ ತಣ್ಣಗಿಡಲು ಸುರಂಗ ಕೊರೆದಿದ್ದರು. ಆ ಸುರಂಗಗಳ ಮುಂದೆ, ದೊಡ್ಡ ಮರಗಳ ಕೆಳಗೆ ಬೆಂಚು ಹಾಕಿದ್ದೇ ಈ ಹಬ್ಬ. ಹತ್ತು ಲಕ್ಷಕ್ಕೂ ಜಾಸ್ತಿ ಜನ ಬರುತ್ತಾರೆ. ಕೊನೆಯ ರಾತ್ರಿ ಕೊನೆಯ ಪೀಪಾಯಿಯನ್ನು ಮಣ್ಣು ಮಾಡುತ್ತಾರೆ. ನಿಜವಾಗಿಯೂ ಗುಂಡಿ ತೋಡಿ! ಎಷ್ಟೋ ಜನ ಅಳುತ್ತಾರೆ.

ಮಂಡ್ಯ ಮೂಲ, ಇಬ್ಬರು ಮಕ್ಕಳ ತಂದೆ:

ತಮ್ಮಾ, ಅವರು ಕುಡಿಯುವುದಿಲ್ಲ, ಜೊತೆಗೆ ಚಿಕ್ಕ ಮಗು ಅಂತ ಹೇಳಿದ್ದಾರೆ. ಕೊನೆಯ ರಾತ್ರಿಯ ಕಥೆ ಅವರಿಗೆ ಯಾಕೆ?

ಮೇಡಂ, ಬೆರ್ಗ್‌ಗೆ ಖಂಡಿತ ಹೋಗಿ. ಆದರೆ ವಾರದ ದಿನ, ಮಧ್ಯಾಹ್ನ ಹೋಗಿ ಸಂಜೆ 6ರೊಳಗೆ ಇಳಿದು ಬನ್ನಿ. ಆ ಹೊತ್ತಿನಲ್ಲಿ ಅಜ್ಜ ಅಜ್ಜಿಯರು, ಮಕ್ಕಳ ಗಾಡಿ ತಳ್ಳುವವರೇ ಜಾಸ್ತಿ. ತೊಟ್ಟಿಲು, ಜೈಂಟ್ ವ್ಹೀಲ್, ಗೊಂಬೆ ಅಂಗಡಿ ಎಲ್ಲ ಇರುತ್ತದೆ. ರಾತ್ರಿಯಾದ ಮೇಲೆ ಬೆಂಚಿನ ಮೇಲೆ ಹತ್ತಿ ಕುಣಿಯುವವರ ಕಾಲ. ಮೊದಲ ಗುರುವಾರ ಮತ್ತು ಶನಿವಾರ ಮಗುವನ್ನು ಕರೆದುಕೊಂಡು ಆ ಕಡೆ ತಲೆ ಹಾಕಬೇಡಿ. ಬಿಯರ್ ಬೇಡ ಅಂದರೆ ಯಾರೂ ಬಲವಂತ ಮಾಡುವುದಿಲ್ಲ. ಸೇಬಿನ ರಸಕ್ಕೆ ಸೋಡಾ ಬೆರೆಸಿದ ಆಪ್ಫೆಲ್‌ಶೋರ್ಲೆ ಕೇಳಿ, ಅದೂ ದೊಡ್ಡ ಮಗ್ಗಿನಲ್ಲಿ ಬರುತ್ತದೆ. ಎತ್ತಿ ತಾಗಿಸುವಾಗ ಎದುರಿನವರ ಕಣ್ಣು ನೋಡಿ. ಅದನ್ನು ಮಾತ್ರ ಇಲ್ಲಿ ಗಮನಿಸುತ್ತಾರೆ.

ಬೆಂಚುಗಳು ಉದ್ದ, ಎಲ್ಲರಿಗೂ ಸೇರಿದ್ದು. ಜಾಗ ಇದ್ದರೆ ‘ಇದು ಖಾಲಿಯಾ’ ಅಂತ ಕೇಳಿ ಅಪರಿಚಿತರ ಪಕ್ಕದಲ್ಲೇ ಕೂರಬಹುದು, ಕೂರಬೇಕು ಕೂಡ. ಆಫೀಸಿನ ಲಿಫ್ಟಿನಲ್ಲಿ ತುಟಿ ಬಿಚ್ಚದ ಜನ ಅಲ್ಲಿ ಅವರ ಅತ್ತೆಯ ಮೊಣಕಾಲು ನೋವಿನ ತನಕ ಹೇಳಿಕೊಳ್ಳುತ್ತಾರೆ. ಚಿಲ್ಲರೆ ನಗದು ಇಟ್ಟುಕೊಳ್ಳಿ. ಮಗ್ಗಿಗೆ ಡಿಪಾಸಿಟ್ ಇರುತ್ತದೆ, ವಾಪಸ್ ಕೊಟ್ಟು ದುಡ್ಡು ತೆಗೆದುಕೊಳ್ಳಿ.

ಇನ್ನೊಂದು. ಇದು ಬವೇರಿಯ ರಾಜ್ಯವೇ ಆದರೂ ಇಲ್ಲಿನ ಹಳಬರು ತಮ್ಮನ್ನು ಫ್ರಾಂಕನ್ನರು ಅಂತ ಕರೆದುಕೊಳ್ಳುತ್ತಾರೆ. ಎರ್ಲಾಂಗೆನ್ ಬವೇರಿಯಕ್ಕೆ ಸೇರಿದ್ದು 1810ರಲ್ಲಿ. ಅವರ ಮಟ್ಟಿಗೆ ಅದು ಮೊನ್ನೆ ಮೊನ್ನೆ. ‘ಬೆರ್ಗ್ ಅಂದರೆ ಮ್ಯೂನಿಕ್‌ನ ಅಕ್ಟೋಬರ್‌ಫೆಸ್ಟ್ ತರಹ’ ಅಂತ ಬೆಂಚಿನಲ್ಲಿ ಕೂತು ಹೇಳಬೇಡಿ. ಅಕ್ಟೋಬರ್‌ಫೆಸ್ಟ್ ಶುರುವಾಗಿದ್ದು 1810ರಲ್ಲಿ, ನಮ್ಮದು ಅದಕ್ಕಿಂತ 55 ವರ್ಷ ಹಳೆಯದು ಅಂತ ಪಾಠ ಶುರುವಾಗುತ್ತದೆ. ನೋಡಿ, ನಾನೂ ‘ನಮ್ಮದು’ ಅಂದುಬಿಟ್ಟೆ.

ಉಡುಪಿ ಮೂಲ, ಅಡುಗೆ ಹುಚ್ಚಿನವಳು:

ಊಟದ ವಿಷಯ ಯಾರೂ ಹೇಳಲಿಲ್ಲ ಅಲ್ವಾ? ಎಲ್ಲ ಜಾತ್ರೆಗೂ ಅನ್ವಯಿಸುವ ಮಾತು ಹೇಳುತ್ತೇನೆ. ಆಲೂಗಡ್ಡೆ ತುರಿದು ಕರಿದ ಕಾರ್ಟೋಫೆಲ್‌ಪುಫ್ಫರ್ ಸೇಬಿನ ಗೊಜ್ಜಿನ ಜೊತೆ ಸಿಗುತ್ತದೆ, ಚೆನ್ನಾಗಿರುತ್ತದೆ. ಆದರೆ ಹೆಚ್ಚಿನ ಕಡೆ ಹಿಟ್ಟಿಗೆ ಮೊಟ್ಟೆ ಹಾಕುತ್ತಾರೆ. ಚೀಸ್ ಹಾಕಿದ ಷ್ಪೆಟ್ಸ್ಲೆ ಅನ್ನುವ ನೂಡಲ್ಸ್‌ನಲ್ಲೂ ಮೊಟ್ಟೆ. ಮೊಟ್ಟೆಯೂ ತಿನ್ನದವರು ಕೇಳಿಯೇ ತೆಗೆದುಕೊಳ್ಳಿ. ಆಲೂಗಡ್ಡೆ ಸಲಾಡ್ ನೋಡಿ ಮೋಸ ಹೋಗಬೇಡಿ, ಈ ಕಡೆ ಅದಕ್ಕೆ ಮಾಂಸದ ಸಾರು ಬೆರೆಸುವ ರೂಢಿ ಇದೆ. ಆಲೂಗಡ್ಡೆ ಉಂಡೆ ಸಸ್ಯಾಹಾರ, ಅದರ ಮೇಲೆ ಸುರಿಯುವ ಕಂದು ಗೊಜ್ಜು ಅಲ್ಲ. ಮಕ್ಕಳ ಗಮ್ಮಿ ಮಿಠಾಯಿಯಲ್ಲಿ ಬಹಳಷ್ಟಕ್ಕೆ ಜೆಲಟಿನ್. ಕಿಂಡರ್‌ಗಾರ್ಟನ್‌ನಲ್ಲಿ ಇದನ್ನು ಮೊದಲೇ ಬರೆದು ಕೊಡಿ, ಅವರು ಶಿಸ್ತಾಗಿ ಪಾಲಿಸುತ್ತಾರೆ. ಯೋಚನೆಯೇ ಇಲ್ಲದೆ ತಿನ್ನಬಹುದಾದ್ದು ಸಕ್ಕರೆಯಲ್ಲಿ ಹುರಿದ ಬಾದಾಮಿ. ಬಿಸಿ ಬಿಸಿ ಪೊಟ್ಟಣ ಕೈಯಲ್ಲಿ ಹಿಡಿದುಕೊಂಡರೆ ಚಳಿಯೂ ಹೋಗುತ್ತದೆ.

ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಮ್ಮ ಹಬ್ಬಗಳ ಬಗ್ಗೆಯೂ ಹೇಳಿ. ದೀಪಾವಳಿಗೆ ಮಗಳು ಪಟಾಕಿ ಕೇಳುತ್ತಿದ್ದಾಳೆ. ನವೆಂಬರ್ 1ಕ್ಕೆ ಹೇಗೂ ಇಲ್ಲಿ ರಜೆ ಇದೆಯಂತೆ, ಅವತ್ತೇ ಪರಿಚಯದ ನಾಲ್ಕು ಕನ್ನಡ ಮನೆಯವರು ಹಾಲ್ ತೆಗೆದುಕೊಂಡು ರಾಜ್ಯೋತ್ಸವ ಮಾಡೋಣ ಅಂತ ಮಾತಾಡಿಕೊಂಡಿದ್ದೇವೆ.

ಧಾರವಾಡ ಮೂಲ, ಬಹಳ ವರ್ಷದಿಂದ ಇಲ್ಲಿರುವವರು:

ತಂಗೀ, ನವೆಂಬರ್ 1 ಬೇಡ. ಅವತ್ತು ರಜೆ ಇರುವುದೇ ಬೇರೆ ಕಾರಣಕ್ಕೆ. ಅದು ಸರ್ವ ಸಂತರ ದಿನ. ಜನ ತೀರಿಹೋದ ಹಿರಿಯರ ಸಮಾಧಿಗೆ ಹೋಗಿ ಹೂವು ಇಟ್ಟು ಕೆಂಪು ಗಾಜಿನ ದೀಪ ಹಚ್ಚಿ ಬರುತ್ತಾರೆ. ಬವೇರಿಯದ ಕಾನೂನಿನಲ್ಲಿ ಅದು ‘ಮೌನ ದಿನ’ಗಳಲ್ಲಿ ಒಂದು. ಆ ದಿನದ ಗಾಂಭೀರ್ಯಕ್ಕೆ ಹೊಂದದ ಸಾರ್ವಜನಿಕ ಮನರಂಜನೆ ನಡೆಸುವಂತಿಲ್ಲ. ಡೊಳ್ಳು, ಮೈಕು, ಡ್ಯಾನ್ಸು ಅಂದರೆ ಹಾಲ್‌ನವರೇ ಒಪ್ಪಲಿಕ್ಕಿಲ್ಲ. ಮನೆಯೊಳಗೆ ಭುವನೇಶ್ವರಿ ಫೋಟೋಗೆ ಹೂವು ಹಾಕಿ ಸಿಹಿ ತಿನ್ನಲು ಯಾರ ಅಡ್ಡಿಯೂ ಇಲ್ಲ. ಕಾರ್ಯಕ್ರಮವನ್ನು ಬೇರೆ ಶನಿವಾರಕ್ಕೆ ಇಟ್ಟುಕೊಳ್ಳಿ. ಆದರೆ ಕ್ಯಾಲೆಂಡರ್ ನೋಡಿಯೇ ಇಡಿ, ನವೆಂಬರ್‌ನಲ್ಲಿ ಇಂಥ ಮೌನ ದಿನಗಳು ಇನ್ನೂ ಇವೆ. ಗುಡ್ ಫ್ರೈಡೆ ಇವೆಲ್ಲಕ್ಕಿಂತ ಬಿಗಿ. ಯುಗಾದಿ ಕಾರ್ಯಕ್ರಮಕ್ಕೆ ದಿನ ಹುಡುಕುವಾಗ ಆ ವಾರವನ್ನು ಬಿಟ್ಟುಬಿಡಿ.

ಪಟಾಕಿ ಮಾರುವುದು ವರ್ಷದ ಕೊನೆಯ ಮೂರು ದಿನ ಮಾತ್ರ, ಸಾಮಾನ್ಯ ಜನ ಹೊಡೆಯಬಹುದಾದ್ದು ಡಿಸೆಂಬರ್ 31 ಮತ್ತು ಜನವರಿ 1ಕ್ಕೆ ಮಾತ್ರ. ಊರಿನಿಂದ ಸೂಟ್‌ಕೇಸಿನಲ್ಲಿ ತರುವ ಯೋಚನೆಯನ್ನಂತೂ ಮಾಡಲೇಬೇಡಿ, ವಿಮಾನದಲ್ಲಿ ಅದು ಅಪರಾಧ. ಮಗಳಿಗೆ ಸುರುಸುರು ಬತ್ತಿ ಸಾಕು. ಅದು ವರ್ಷವಿಡೀ ಅಂಗಡಿಯಲ್ಲಿ ಸಿಗುತ್ತದೆ. ಬಯಲಲ್ಲಿ ಹಚ್ಚಿ, ನೀವು ಕೈ ಹಿಡಿದುಕೊಂಡಿರಿ. ದೊಡ್ಡ ಪಟಾಕಿ ಬೇಕೇ ಬೇಕು ಅಂದರೆ ಹೊಸ ವರ್ಷದ ರಾತ್ರಿ ತನಕ ಕಾಯಲಿ. ಅವತ್ತು ಹಗಲೆಲ್ಲ ಶಾಂತಿ ಶಾಂತಿ ಅನ್ನುವ ಇದೇ ಜನ ನಡುರಸ್ತೆಯಲ್ಲಿ ರಾಕೆಟ್ ಬಿಡುತ್ತಾರೆ. ನಮ್ಮ ಹುಬ್ಬಳ್ಳಿ ಮಂದಿಯೇ ಮೇಲು ಅನಿಸುತ್ತದೆ.

ಮನೆಯಲ್ಲಿ ದೀಪ ಹಚ್ಚಬಹುದು. ಹೊಗೆ ಮಾತ್ರ ನೋಡಿಕೊಳ್ಳಿ. ಮಲಗುವ ಕೋಣೆ, ಮಕ್ಕಳ ಕೋಣೆ, ಓಡಾಡುವ ಪ್ಯಾಸೇಜ್ ಎಲ್ಲ ಕಡೆ ಹೊಗೆ ಅಲಾರಂ ಕಡ್ಡಾಯ. ಧೂಪ, ಹೋಮ ಅಂದರೆ ಅದು ಕೂಗಿಕೊಳ್ಳುತ್ತದೆ. ಗಣಪತಿಯನ್ನು ಮಣ್ಣಿನದೇ ಮಾಡಿ ಬಕೆಟ್‌ನಲ್ಲಿ ಬಿಟ್ಟು ಆ ಮಣ್ಣನ್ನು ಹೂವಿನ ಕುಂಡಕ್ಕೆ ಹಾಕಿ. ರೆಗ್ನಿಟ್ಸ್ ನದಿಯ ಕಡೆ ಹೊತ್ತುಕೊಂಡು ಹೋಗಬೇಡಿ. ರಾತ್ರಿ 10ರ ಮೇಲೆ ಗದ್ದಲ ಬೇಡ. ಜಾಸ್ತಿ ಜನರನ್ನು ಕರೆಯುವಾಗ ನಾಲ್ಕು ದಿನ ಮುಂಚೆ ಮೆಟ್ಟಿಲ ಬಳಿ ಚೀಟಿ ಅಂಟಿಸಿ: ಶನಿವಾರ ನಮ್ಮ ದೀಪದ ಹಬ್ಬ, ಸ್ವಲ್ಪ ಸದ್ದಾಗಬಹುದು, ಬಂದು ಸಿಹಿ ತಿನ್ನಿ ಅಂತ. ನಮ್ಮ ಮನೆಗೆ ಕೆಳಗಿನ ಅಜ್ಜಿ ಹಾಗೇ ಬರಲು ಶುರು ಮಾಡಿದ್ದು. ಈಗ ಚಕ್ಕುಲಿ ಬರುವುದು ತಡವಾದರೆ ಅವರೇ ಕೇಳುತ್ತಾರೆ.

ಶಿವಮೊಗ್ಗ ಮೂಲದ ತಾಯಿ:

2023ರಲ್ಲಿ ಮಾರ್ಟಿನ್ 11ಕ್ಕೆ, ದೀಪಾವಳಿ ಮರುದಿನ 12ಕ್ಕೆ ಬಿದ್ದಿತ್ತು. ಹಿಂದಿನ ದಿನ ಮೆರವಣಿಗೆಗೆ ಹಿಡಿದಿದ್ದ ಲಾಟೀನನ್ನೇ ಬಾಲ್ಕನಿಯಲ್ಲಿ ಆಕಾಶಬುಟ್ಟಿ ಮಾಡಿ ತೂಗುಹಾಕಿದೆವು. ಎರಡೂ ಹಬ್ಬ ಹತ್ತಿರ ಬಂದ ವರ್ಷ ಹಾಗೆ ಮಾಡಿ ನೋಡಿ, ಮಕ್ಕಳಿಗೆ ಖುಷಿಯೋ ಖುಷಿ.

ಬೆಂಗಳೂರು ಮೂಲ, ಐಟಿ ಕೆಲಸದವರು:

ಡಿಸೆಂಬರ್ ಬಗ್ಗೆ ನನ್ನದೂ ಸ್ವಲ್ಪ. ನ್ಯೂರೆಂಬರ್ಗ್ ರೈಲಿನಲ್ಲಿ ಹತ್ತಿರ. ಅಲ್ಲಿನ ಕ್ರಿಸ್ತ್‌ಕಿಂಡ್ಲೆಸ್‌ಮಾರ್ಕ್ಟ್ ಅನ್ನುವ ಕ್ರಿಸ್‌ಮಸ್ ಸಂತೆ ನವೆಂಬರ್ ಕೊನೆಯಲ್ಲಿ, ಮೊದಲ ಅಡ್ವೆಂಟ್‌ಗೆ (ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳಲ್ಲಿ ಮೊದಲನೆಯದು) ಮುಂಚಿನ ಶುಕ್ರವಾರ ಶುರು. ಸಂಜೆ 5:30ಕ್ಕೆ ಚರ್ಚ್‌ನ ಮೇಲಿಂದ ಚಿನ್ನದ ಕೂದಲು, ಕಿರೀಟದ ಹುಡುಗಿ ಬಂದು ಪದ್ಯ ಹೇಳಿ ಉದ್ಘಾಟಿಸುತ್ತಾಳೆ. ಎರಡು ವರ್ಷಕ್ಕೊಮ್ಮೆ ಊರಿನ ಹುಡುಗಿಯರಲ್ಲಿ ಒಬ್ಬಳನ್ನು ಆರಿಸುತ್ತಾರೆ. 2019ರಲ್ಲಿ ಆಯ್ಕೆಯಾದವಳ ತಂದೆ ಭಾರತ ಮೂಲದವರು. ಒಂದು ಪಕ್ಷದವರು ಅವಳ ಬಣ್ಣದ ಬಗ್ಗೆ ಕೊಂಕು ಬರೆದರು, ಊರಿಗೆ ಊರೇ ಅವಳ ಪರ ನಿಂತಿತು. ಉದ್ಘಾಟನೆಯ ದಿನ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಮಗು ಇದ್ದರೆ ಮುಂದಿನ ವಾರ ಮಂಗಳವಾರವೋ ಬುಧವಾರವೋ ಹೋಗಿ. ಎರ್ಲಾಂಗೆನ್‌ನ ಶ್ಲೋಸ್‌ಪ್ಲಾಟ್ಸ್‌ನಲ್ಲಿ ಮರದ ತೊಗಟೆ ಹಾಸಿ ಮಾಡುವ ಚಿಕ್ಕ ಸಂತೆಯೇ ನನಗೆ ಹೆಚ್ಚು ಇಷ್ಟ. ಕುಡಿಯಲು ಬಿಸಿಯಾದ, ಮದ್ಯವಿಲ್ಲದ್ದು ಬೇಕಾದರೆ ಕಿಂಡರ್‌ಪುನ್ಷ್ ಅನ್ನಿ.

ಇನ್ನು ಡಿಸೆಂಬರ್ 24, ಕ್ರಿಸ್‌ಮಸ್‌ನ ಹಿಂದಿನ ದಿನ. ಮಧ್ಯಾಹ್ನ 2ರೊಳಗೆ ಅಂಗಡಿಗಳು ಮುಚ್ಚುತ್ತವೆ, 25, 26 ಪೂರ್ತಿ ಬಂದ್. ಹಾಲು, ತರಕಾರಿ 23ಕ್ಕೇ ತಂದಿಡಿ. ನೀವು ಕೇಳಿದ ‘ಕರೆದರೆ ಮಾತ್ರ ಹೋಗುವ ಹಬ್ಬ’ ಇದೇ. ಅದು ಮನೆಯವರ ರಾತ್ರಿ. ಯಾರೂ ಕರೆಯಲಿಲ್ಲ ಅಂತ ಬೇಜಾರು ಬೇಡ, ಅವರ ಚಿಕ್ಕಪ್ಪ ದೊಡ್ಡಪ್ಪಂದಿರನ್ನೇ ಎಷ್ಟೋ ಸಲ ಕರೆದಿರುವುದಿಲ್ಲ. ಆ ಸಂಜೆ ಬೀದಿ ಬಿಕೋ ಅನ್ನುತ್ತದೆ, ಹೊಸಬರಿಗೆ ಅದು ಕಷ್ಟ. ನಾವು ಒಂದಷ್ಟು ಮನೆಯವರು ಸೇರಿ ಬಿಸಿಬೇಳೆಬಾತ್ ಮಾಡುತ್ತೇವೆ, ನೀವೂ ಬನ್ನಿ.

ಅಂದಹಾಗೆ ಹುಟ್ಟುಹಬ್ಬಕ್ಕೆ ಒಂದು ದಿನ ಮುಂಚೆಯೂ ಶುಭಾಶಯ ಹೇಳಬೇಡಿ, ಅಪಶಕುನ ಅಂತ ಭಾವಿಸುತ್ತಾರೆ. ಆಫೀಸಿನಲ್ಲಿ ಹುಟ್ಟುಹಬ್ಬದವರೇ ಕೇಕ್ ತರಬೇಕು.

ಹಾವೇರಿ ಮೂಲ, ಎಲ್ಟರ್ಸ್‌ಡಾರ್ಫ್ ನಿವಾಸಿ:

ಹೊರಗೆ ನಿಂತು ನೋಡುವ ಹಾಗಾಗಿದೆ ಅಂದಿರಲ್ಲ, ಅದಕ್ಕೆ ನನ್ನ ಉತ್ತರ: ದೊಡ್ಡ ಹಬ್ಬ ಬಿಟ್ಟು ಬಡಾವಣೆಯ ಕೆರ್ವಾಗೆ ಬನ್ನಿ. ಎಲ್ಟರ್ಸ್‌ಡಾರ್ಫ್, ಟೆನ್ನೆನ್‌ಲೋಹೆ, ಬ್ರುಕ್ ಇವೆಲ್ಲ ಮೊದಲು ಬೇರೆ ಬೇರೆ ಹಳ್ಳಿಗಳು, ಈಗ ಊರೊಳಗೆ ಸೇರಿವೆ. ಒಂದೊಂದಕ್ಕೂ ತನ್ನದೇ ಚರ್ಚ್ ಜಾತ್ರೆ. ತುದಿಯಲ್ಲಿ ಮಾತ್ರ ಹಸಿರು ಉಳಿಸಿದ ಉದ್ದದ ಮರವನ್ನು ಊರ ಹುಡುಗರು ಜೋಡಿ ಗಳುಗಳಿಂದ ತಳ್ಳಿ ತಳ್ಳಿ ನಿಲ್ಲಿಸುತ್ತಾರೆ. ಒಬ್ಬ ಕೂಗುತ್ತಾನೆ, ಮಿಕ್ಕವರು ಒಟ್ಟಿಗೆ ದಮ್ಮು ಹಿಡಿದು ಎತ್ತುತ್ತಾರೆ. ನಮ್ಮೂರಿನ ತೇರಿನ ಹಗ್ಗ ಹಿಡಿದವರ ಮುಖ ಹೇಗಿರುತ್ತದೋ ಹಾಗೇ ಇರುತ್ತದೆ ಅವರ ಮುಖ. ಪಕ್ಕದ ಹಳ್ಳಿಯವರು ಬಂದು ಮರ ಕದಿಯದಂತೆ ರಾತ್ರಿ ಕಾವಲು ಬೇರೆ.

ಇಂಥ ಕಡೆ ಕೈ ಕೆಲಸಕ್ಕೆ ಯಾವಾಗಲೂ ಜನ ಕಡಿಮೆ. ಬೆಂಚು ಹೊರಲು, ಪಾತ್ರೆ ತೊಳೆಯಲು, ಕೇಕ್ ಮಾರಲು ಬರುತ್ತೇನೆ ಅಂತ ಹೆಸರು ಕೊಡಿ. ಕಿಂಡರ್‌ಗಾರ್ಟನ್ ಜಾತ್ರೆಯಲ್ಲೂ ಕೇಕ್ ಪಟ್ಟಿ ಗೋಡೆಗೆ ಅಂಟಿಸಿರುತ್ತಾರೆ, ಅಲ್ಲಿ ಬರೆಯಿರಿ. ಕೇಕ್ ಬರದಿದ್ದರೆ ರವೆ ಉಂಡೆ ಒಯ್ಯಿರಿ. ಗೋಡಂಬಿ, ಹಾಲು, ಗೋಧಿ ಇದೆ ಅಂತ ಚೀಟಿ ಇಟ್ಟರೆ ಆಯಿತು. ಅಲರ್ಜಿ ವಿಷಯದಲ್ಲಿ ತುಂಬಾ ಕಟ್ಟುನಿಟ್ಟು.

ಕೇಳಿದವರು:

ಕೇಕ್ ಪಟ್ಟಿ ಇವತ್ತೇ ನೋಡಿದೆ, ಕೊನೆಯ ಎರಡು ಸಾಲು ಖಾಲಿ ಇತ್ತು. ಒಂದರಲ್ಲಿ ಹೆಸರು ಬರೆದು ಬಂದಿದ್ದೇನೆ. ರವೆ ಉಂಡೆಗೆ ಇಲ್ಲಿ ಯಾವ ರವೆ ಸರಿಹೋಗುತ್ತದೆ?

ಉಡುಪಿ ಮೂಲ, ಅಡುಗೆ ಹುಚ್ಚಿನವಳು:

ಸೂಪರ್ ಮಾರ್ಕೆಟ್‌ನಲ್ಲಿ ವೈಖ್‌ವೈಟ್ಸೆನ್‌ಗ್ರೀಸ್ ಅಂತ ಸಿಗುತ್ತದೆ, ಮಕ್ಕಳ ಗಂಜಿಗೆ ಬಳಸುವ ನುಣ್ಣನೆಯ ರವೆ. ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ. ಬುಟರ್‌ಶ್ಮಾಲ್ಟ್ಸ್ ಡಬ್ಬಿಯೇ ಇಲ್ಲಿನ ತುಪ್ಪ. ಉಂಡೆ ಚಿಕ್ಕದಾಗಿ ಕಟ್ಟಿ, ಇಲ್ಲಿನವರಿಗೆ ನಮ್ಮ ಸಿಹಿ ಜಾಸ್ತಿ ಆಗುತ್ತದೆ.