ಕಣ್ಣ ಕೆಳಗೆ ಊತಾನೂ ಇದೆ ಕಪ್ಪೂ ಇದೆ, ಕನ್ಸೀಲರ್ ಹಾಕಿದ್ರೆ ಇನ್ನೂ ಎದ್ದು ಕಾಣತ್ತೆ

ಪ್ರಶ್ನೆ:
ಎಲ್ರಿಗೂ ನಮಸ್ಕಾರ. ಬೆಳಿಗ್ಗೆ ಎದ್ದಾಗ ಕಣ್ಣ ಕೆಳಗೆ ಊದ್ಕೊಂಡಿರತ್ತೆ, ಮಧ್ಯಾಹ್ನದ ಹೊತ್ತಿಗೆ ಸುಮಾರು ಇಳಿಯತ್ತೆ ಆದ್ರೆ ಕಪ್ಪು ಮಾತ್ರ ಹಾಗೇ ಇರತ್ತೆ. ನಿದ್ದೆ ಸರಿಯಾಗೇ ಮಾಡ್ತೀನಿ, ಆದ್ರೂ ನೋಡಿದವ್ರೆಲ್ಲಾ ಹುಷಾರಿಲ್ವಾ ಅಂತ ಕೇಳ್ತಾರೆ, ಬೇಜಾರಾಗಿ ಹೋಗಿದೆ. ಮುಖಕ್ಕಿಂತ ತಿಳಿ ಶೇಡ್ ಕನ್ಸೀಲರ್ (ಕಲೆ ಮುಚ್ಚೋ ಮೇಕಪ್) ಹಾಕ್ತೀನಿ, ಬೂದಿ ಬಳಿದ ಹಾಗಾಗತ್ತೆ, ಸ್ವಲ್ಪ ಹೊತ್ತಿಗೆ ಗೆರೆ ಗೆರೆಯಾಗಿ ಕೂತ್ಕೊಳತ್ತೆ. ಏನ್ ಮಾಡ್ಲಿ?

ಉತ್ತರ 1:
ಮೊದ್ಲು ನಿಮ್ದು ಯಾವ ಥರದ ಕಪ್ಪು ಅಂತ ನೋಡ್ಕೊಳಿ, ಅದು ಗೊತ್ತಾಗ್ದೆ ಕ್ರೀಮ್ ತಗೊಂಡ್ರೆ ದುಡ್ಡು ದಂಡ. ಕಿಟಕಿ ಹತ್ರ ಕನ್ನಡಿ ಹಿಡ್ಕೊಂಡು ಕಣ್ಣ ಕೆಳಗಿನ ಚರ್ಮನ ಮೆಲ್ಲಗೆ ಕೆನ್ನೆ ಕಡೆಗೆ ಎಳೀರಿ. ಕಂದು ಬಣ್ಣ ಚರ್ಮದ ಜೊತೇಲೇ ಜರುಗಿದ್ರೆ ಪಿಗ್ಮೆಂಟೇಶನ್, ಅಂದ್ರೆ ಚರ್ಮದಲ್ಲೇ ಬಣ್ಣ ಜಾಸ್ತಿ ಆಗಿರೋದು. ಎಳೆದಾಗ ನೀಲಿ ನೇರಳೆ ಥರ ಇನ್ನೂ ಗಾಢ ಆದ್ರೆ ಒಳಗಿನ ರಕ್ತನಾಳ ಕಾಣ್ತಿದೆ ಅಂತ, ಅಲ್ಲಿ ಚರ್ಮ ಅರ್ಧ ಮಿಲಿಮೀಟರ್ ಆಸುಪಾಸು ಅಷ್ಟೇ ದಪ್ಪ ಇರೋದು. ಬೆಳಕಿಗೆ ಮುಖ ಎತ್ತಿದ ತಕ್ಷಣ ಕಪ್ಪು ಮಾಯ ಆದ್ರೆ ಅದು ಬಣ್ಣಾನೇ ಅಲ್ಲ, ಉಬ್ಬಿನ ನೆರಳು. ತುಂಬಾ ಜನಕ್ಕೆ ಎಲ್ಲಾ ಬೆರೆತಿರತ್ತೆ.

ಊತ ಮಧ್ಯಾಹ್ನಕ್ಕೆ ಇಳಿಯತ್ತೆ ಅಂದ್ರೆ ಅದು ನೀರು, ರಾತ್ರಿ ಮಲಗಿದಾಗ ಅಲ್ಲಿ ನಿಂತ್ಕೊಂಡಿದ್ದು ಎದ್ದು ಓಡಾಡಿದ್ಮೇಲೆ ಕೆಳಗಿಳಿಯತ್ತೆ. ರಾತ್ರಿ ಊಟದಲ್ಲಿ ಉಪ್ಪು ಕಮ್ಮಿ ಮಾಡಿ, ತಲೆದಿಂಬು ಸ್ವಲ್ಪ ಎತ್ತರ ಇಟ್ಕೊಳಿ, ಬೆಳಿಗ್ಗೆ ತಣ್ಣೀರಲ್ಲಿ ಅದ್ದಿ ಹಿಂಡಿದ ಬಟ್ಟೆ 5-10 ನಿಮಿಷ ಇಡಿ. ಐಸ್ ನೇರವಾಗಿ ಬೇಡ. ಕೆಫೀನ್ ಇರೋ ಜೆಲ್ ಸ್ವಲ್ಪ ಹೊತ್ತು ಕೆಲಸ ಮಾಡತ್ತೆ, ಕಾಯಂ ಅಲ್ಲ.

ಉತ್ತರ 2:
ಬೂದಿ ಥರ ಆಗ್ತಿರೋದು ಆ ತಿಳಿ ಶೇಡ್‌ನಿಂದಾನೇ. ಮೊದ್ಲು ಕರೆಕ್ಟರ್ (ಕಪ್ಪನ್ನ ತಗ್ಗಿಸೋ ಬಣ್ಣದ ಕ್ರೀಮ್) ಹಾಕ್ಬೇಕು, ಬೆಳ್ಳಗಿರೋರಿಗೆ ಪೀಚ್, ಗೋಧಿ ಬಣ್ಣದಿಂದ ಕಪ್ಪಗಿರೋರಿಗೆ ಆರೆಂಜ್, ಅದೂ ಕಪ್ಪಿರೋ ಜಾಗಕ್ಕೆ ಮಾತ್ರ. ಉಂಗುರದ ಬೆರಳಲ್ಲಿ ತಟ್ಟಿ ತಟ್ಟಿ ಕೂರಿಸಿ, ಆಮೇಲೆ ಮುಖದ ಬಣ್ಣದ್ದೇ ಕನ್ಸೀಲರ್ ತೆಳ್ಳಗೆ.

ಊತಕ್ಕೆ ಇನ್ನೊಂದು ವಿಷಯ ಇದೆ ಅದನ್ನ ಯಾರೂ ಹೇಳಲ್ಲ: ಕನ್ಸೀಲರ್ ಬಣ್ಣ ಮುಚ್ಚತ್ತೆ, ಉಬ್ಬು ಮುಚ್ಚಲ್ಲ. ಉಬ್ಬಿನ ಮೇಲೆ ತಿಳಿ ಬಣ್ಣ ಇಲ್ಲಾ ಹೊಳಪಿರೋದು ಹಾಕಿದ್ರೆ ಅದು ಇನ್ನೂ ಮುಂದಕ್ಕೆ ಬರತ್ತೆ. ತಿಳಿ ಶೇಡ್ ಬೇಕೇ ಬೇಕಂದ್ರೆ ಸಣ್ಣ ಬ್ರಷ್ ತಗೊಂಡು ಉಬ್ಬು ಮುಗಿಯೋ ಕಡೆ ಬೀಳತ್ತಲ್ಲ ನೆರಳಿನ ಗೆರೆ, ಅದರ ಮೇಲೆ ಮಾತ್ರ ಎಳೀರಿ. ಐ ಕ್ರೀಮ್ ಪೂರ್ತಿ ಹೀರ್ಕೊಳೋವರೆಗೆ ಕಾದು ಹಾಕಿ, ಮೇಲೆ ನೋಡ್ತಾ ಗೆರೆಲಿ ಸೇರಿದ್ದನ್ನ ಬೆರಳಲ್ಲಿ ಒತ್ತಿ ಸರಿ ಮಾಡಿ, ಕೊನೆಗೆ ಒಂದ್ಚಿಟಿಕೆ ಪೌಡರ್.

ಪ್ರಶ್ನೆ ಕೇಳಿದವರು:
ಥ್ಯಾಂಕ್ಯೂ ಇಬ್ರಿಗೂ! ಎಳೆದು ನೋಡ್ದೆ, ಕಂದು ಬಣ್ಣ, ಚರ್ಮದ ಜೊತೇಲೇ ಜರುಗತ್ತೆ. ನಂಗೆ ಡಸ್ಟ್ ಅಲರ್ಜಿ ಇದೆ, ಮೂಗು ಕಟ್ಟತ್ತೆ, ಕಣ್ಣು ತುರಿಸಿ ಉಜ್ಕೊಳ್ತಾನೇ ಇರ್ತೀನಿ. ಅದಕ್ಕೂ ಇದಕ್ಕೂ ಸಂಬಂಧ ಇದ್ಯಾ?

ಉತ್ತರ 3:
ಖಂಡಿತ ಇದೆ. ಮೂಗು ಕಟ್ಟಿದಾಗ ಕಣ್ಣ ಕೆಳಗಿನ ಸಣ್ಣ ನಾಳಗಳಲ್ಲಿ ರಕ್ತ ನಿಂತು ಕಪ್ಪೂ ಊತಾನೂ ಬರತ್ತೆ, ಮೇಲಿಂದ ಉಜ್ಜಿ ಉಜ್ಜಿ ಮೆಲನಿನ್ (ಚರ್ಮಕ್ಕೆ ಕಪ್ಪು ಬಣ್ಣ ಕೊಡೋ ವಸ್ತು) ಜಾಸ್ತಿ ಆಗತ್ತೆ. ಅಲರ್ಜಿಗೆ ಡಾಕ್ಟರ್ ಹತ್ರ ಔಷಧಿ ಕೇಳಿ, ತುರಿಸಿದಾಗ ತಣ್ಣನೆ ಬಟ್ಟೆ ಇಡಿ, ಕೈ ಹಾಕ್ಬೇಡಿ. ಮೇಕಪ್ ತೆಗೆಯೋವಾಗ್ಲೂ ಉಜ್ಬೇಡಿ. ಹಗಲು ಎಸ್‌ಪಿಎಫ್ 30 ಸನ್‌ಸ್ಕ್ರೀನ್ ಬಿಡ್ಬೇಡಿ, ಜಿಂಕ್ ಆಕ್ಸೈಡ್ ಇರೋದು ಕಣ್ಣಿಗೆ ಉರಿ ಕಮ್ಮಿ. ರೆಟಿನಾಲ್ (ವಿಟಮಿನ್ ಎ ಬಗೆಯದ್ದು), ವಿಟಮಿನ್ ಸಿ ಇರೋ ಕ್ರೀಮ್‌ಗಳು ಗುಣ ಕೊಡೋಕೆ ತಿಂಗಳುಗಳೇ ಬೇಕು, ಗರ್ಭಿಣಿಯರು ರೆಟಿನಾಲ್ ಹಚ್ಬಾರ್ದು. ನಿಂಬೆರಸ ಅಂತೂ ಯಾರೇ ಹೇಳಿದ್ರೂ ಬೇಡ, ಸುಟ್ಟು ಇನ್ನೂ ಕಪ್ಪಾಗತ್ತೆ.

ಊತ ದಿನಪೂರ್ತಿ ಇಳೀದೆ ಇದ್ರೆ, ಕಾಲೂ ಊದ್ಕೊಂಡು ಮೂತ್ರದಲ್ಲಿ ನೊರೆ ಬಂದ್ರೆ ಕಿಡ್ನಿ, ಥೈರಾಯ್ಡ್ ಟೆಸ್ಟ್ ಮಾಡಿಸ್ಬೇಕು. ಒಂದೇ ಕಣ್ಣು ಊದಿ ಕೆಂಪಾಗಿ ನೋವಿದ್ರೆ ಅವತ್ತೇ ಡಾಕ್ಟರ್ ಹತ್ರ ಹೋಗಿ.