ಸೊಂಟದಲ್ಲಿ ನಾಲ್ಕು ಸ್ಕ್ರೂ, ಕೈಯಲ್ಲಿ ದುಬೈ ಟಿಕೆಟ್: ಹೋಗಬಹುದಾ?

ಹಾಸನದ ಅಮ್ಮ:
ಎಲ್ಲರಿಗೂ ನಮಸ್ಕಾರ. ನನಗೆ 61 ವರ್ಷ. ಸೊಂಟದ ಮೂಳೆ ಜರುಗಿತ್ತು ಅಂತ ಆಪರೇಷನ್ ಆಗಿ ಒಂಬತ್ತು ವಾರ ಆಯ್ತು. ಎರಡು ರಾಡು, ನಾಲ್ಕು ಸ್ಕ್ರೂ ಹಾಕಿದ್ದಾರೆ. ಗಾಯ ಚೆನ್ನಾಗಿ ಒಣಗಿದೆ. ಆದರೆ ಎಡಗಾಲಿನ ಸೆಳೆತ ಹನ್ನೊಂದು ವರ್ಷದ ನೆಂಟ, ಅದಿನ್ನೂ ಮನೆ ಬಿಟ್ಟಿಲ್ಲ. ರಾತ್ರಿ ಪ್ರಿಗ್ಯಾಬಲಿನ್ ತಗೊಳ್ತೇನೆ. ತೀರಾ ತಡೆಯೋಕೆ ಆಗದ ದಿನ ಟ್ರಮಡಾಲ್.

ಮಗಳು ದುಬೈನಲ್ಲಿದ್ದಾಳೆ. ಮುಂದಿನ ತಿಂಗಳ ಕೊನೆಗೆ ಹೆರಿಗೆ. ಡಾಕ್ಟರು, "ಮೂರು ತಿಂಗಳು ತುಂಬಲಿ, ಆಮೇಲೆ ಹೋಗಿ, ಭಾರ ಮಾತ್ರ ಎತ್ತಬೇಡಿ" ಅಂದಿದ್ದಾರೆ. ಬಾಣಂತನಕ್ಕೆ ಹೋದವಳು ಮಗು ಎತ್ತದೆ ಇರೋಕಾಗತ್ತಾ? ಇರಲಿ, ಅದು ಬೇರೆ ಮಾತು.

ನನ್ನ ಚಿಂತೆ ಕೂರುವುದರದ್ದು. ನಿನ್ನೆ ಧಾರಾವಾಹಿ ನೋಡಲು ಕೂತವಳು ಎರಡನೇ ಜಾಹೀರಾತಿಗೆ ಗೋಡೆ ಹಿಡಿದು ಎದ್ದೆ. ಮಂಗಳೂರಿನಿಂದ ವಿಮಾನದಲ್ಲಿ ಸುಮಾರು ಮೂರೂವರೆ ಗಂಟೆಯಂತೆ. ಅದಕ್ಕೂ ಮುಂಚೆ ಈ ಮಳೆಯಲ್ಲಿ ಶಿರಾಡಿ ಘಾಟಿ ಇಳಿಯಬೇಕು. ಅಳಿಯಂದಿರು ಬೆಂಗಳೂರಿಂದ ಬನ್ನಿ ಅಂತಾರೆ. ಯಾವುದು ವಾಸಿ? ಸ್ಕ್ರೂಗಳಿಗೆ ಏರ್‌ಪೋರ್ಟಲ್ಲಿ ಮಿಷನ್ ಕೂಗುತ್ತಾ? ವೀಲ್‌ಚೇರ್ ಕೇಳಲು ನಾಚಿಕೆ. ನಡೀತೀನಲ್ಲ, ನಾಟಕ ಅಂದ್ಕೊಳ್ತಾರೆ.

ಸಕಲೇಶಪುರದ ಮಂಡಿನೋವು:
ಅಮ್ಮ, ನಾಚಿಕೆ ಮೊದಲು ಬಿಡಿ. ನಾನೂ ಮಂಡಿ ಬದಲಾಯಿಸಿಕೊಂಡ ಮೇಲೆ ಡೆಲ್ಲಿಗೆ ಗತ್ತಲ್ಲಿ ನಡೆದುಕೊಂಡೇ ಹೋದೆ. ಸೆಕ್ಯುರಿಟಿ ಸಾಲಲ್ಲಿ ಮುಕ್ಕಾಲು ಗಂಟೆ ನಿಂತು, ಇಳಿಯುವಾಗ ಮಂಡಿ ಎಳೆ ಹಲಸಿನಕಾಯಿ ಆಗಿತ್ತು. ವಾಪಸ್ ಬರುವಾಗ ವೀಲ್‌ಚೇರ್ ಕೇಳಿದೆ. ಯಾರೂ ತಿರುಗಿ ನೋಡಲಿಲ್ಲ. ಅವರವರ ಬ್ಯಾಗಿನ ಚಿಂತೆ ಅವರವರಿಗೆ.

ಟಿಕೆಟ್ ಮಾಡುವಾಗಲೇ ಹೇಳಿ, ಕಡೇ ಪಕ್ಷ 48 ಗಂಟೆ ಮುಂಚೆ. ಮೆಟ್ಟಿಲು ಹತ್ತೋಕಾಗಲ್ಲ ಅನ್ನೋದನ್ನೂ ಬಾಯಿಬಿಟ್ಟು ಹೇಳಬೇಕು. ಇಲ್ಲದಿದ್ದರೆ ವಿಮಾನದ ಏಣಿ ಬುಡದವರೆಗೆ ತಳ್ಳಿಕೊಂಡು ಹೋಗಿ "ಹತ್ತಿ" ಅಂತಾರೆ.

ಮಿಷನ್ ಕೂಗಬಹುದು. ಗಾಬರಿ ಬೇಡ. ಕೈಯಲ್ಲಿ ಹಿಡಿಯುವ ಡಿಟೆಕ್ಟರ್‌ನಿಂದ ನೋಡ್ತಾರೆ, ಹೆಂಗಸರಿಗೆ ಪರದೆ ಹಿಂದೆ ಹೆಂಗಸರೇ ಇರ್ತಾರೆ. ಡಿಸ್ಚಾರ್ಜ್ ಸಮರಿ ಕೈಗೆ ಸಿಗೋ ಹಾಗಿರಲಿ.

ಸೀಟು ದಾರಿ ಪಕ್ಕದ್ದೇ ತಗೊಳ್ಳಿ, ಯಾರನ್ನೂ ದಾಟದೆ ಏಳಬಹುದು. ಕಾಲು ಚಾಚಲು ಜಾಗ ಅಂತ ಮೊದಲ ಸಾಲಿಗೆ ಆಸೆಪಡಬೇಡಿ. ಅಲ್ಲಿ ಬ್ಯಾಗ್ ಇಡಲು ಎದುರಿಗೆ ಸೀಟೇ ಇರಲ್ಲ, ಎಲ್ಲಾ ತಲೆ ಮೇಲಿನ ಗೂಡಿಗೇ ಹೋಗಬೇಕು. ನಿಮ್ಮ ಸೊಂಟಕ್ಕೆ ಅದು ಆಗದ ಕೆಲಸ.

ಚಿಕ್ಕಮಗಳೂರಿನ ಸಿಸ್ಟರ್:
ಸೀಟು, ಸ್ಕ್ರೂ ಆಮೇಲೆ ಅಮ್ಮ. ಮೊದಲು ಮಾತ್ರೆ. ನಾನು ಶಾರ್ಜಾದಲ್ಲಿ ಆರು ವರ್ಷ ನರ್ಸ್ ಆಗಿದ್ದೆ. ನೀವು ಹೇಳಿದ ಎರಡೂ ಮಾತ್ರೆಗಳು ಯುಎಇಯಲ್ಲಿ ಕಟ್ಟುನಿಟ್ಟಿನ ಪಟ್ಟಿಯಲ್ಲಿವೆ. ಸುಮ್ನೆ ಬ್ಯಾಗಲ್ಲಿ ಹಾಕ್ಕೊಂಡು ಹೋಗಬೇಡಿ. ಅಲ್ಲಿನ ಸರ್ಕಾರದ ವೆಬ್‌ಸೈಟಲ್ಲಿ ಮುಂಚೆಯೇ ಅರ್ಜಿ ಹಾಕಿ ಅನುಮತಿ ತಗೊಳ್ಳಬೇಕು. ಮಗಳಿಗೆ ಹೇಳಿದರೆ ಅವಳೇ ನೋಡ್ಕೊಳ್ತಾಳೆ. ಡಾಕ್ಟರ ಚೀಟಿಯಲ್ಲಿ ಕಂಪನಿ ಹೆಸರಲ್ಲ, ಔಷಧದ ಹೆಸರು, ದಿನಕ್ಕೆ ಎಷ್ಟು, ಯಾಕೆ ಅನ್ನೋದೆಲ್ಲ ಇಂಗ್ಲಿಷಲ್ಲಿರಲಿ. ಮಾತ್ರೆ ಸ್ಟ್ರಿಪ್ಪಲ್ಲೇ ಇರಲಿ, ಬಿಡಿಸಿ ಡಬ್ಬಿಗೆ ತುಂಬಬೇಡಿ. ಹೆದರಿಕೊಂಡು ಪ್ರಿಗ್ಯಾಬಲಿನ್ ಒಮ್ಮೆಲೇ ನಿಲ್ಲಿಸಲೂಬೇಡಿ, ಅದನ್ನು ನಿಧಾನವಾಗಿಯೇ ಇಳಿಸಬೇಕು. ಬದಲಿ ಮಾತ್ರೆ ಇದೆಯಾ ಅಂತ ಡಾಕ್ಟರನ್ನೇ ಕೇಳಿ.

ಇನ್ನೊಂದು. ಬಾಣಂತಿಗೆ ಅಂತ ಏನಾದರೂ ಕಟ್ಟಿಕೊಂಡು ಹೋಗ್ತೀರಲ್ವಾ? ಗಸಗಸೆ ಒಂದು ಕಾಳೂ ಬೇಡ. ಅಲ್ಲಿ ಅದು ನಿಷೇಧ, ಜೈಲಿಗೂ ಹಾಕಬಹುದು.

ವಿಮಾನದೊಳಗಿನ ಗಾಳಿ 6,000ದಿಂದ 8,000 ಅಡಿ ಎತ್ತರದಲ್ಲಿ ಇರುವಷ್ಟು ತೆಳು. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್, ಅಂದರೆ ಸುಮಾರು 6,300 ಅಡಿ. ಹೆಚ್ಚೂಕಮ್ಮಿ ಆ ತುದಿಯಲ್ಲಿ ಕೂತ ಹಾಗೆ. ಹೊಟ್ಟೆ ಆಪರೇಷನ್ ಹೊಸದಾಗಿ ಆದವರಿಗೆ ಒಳಗಿನ ಗ್ಯಾಸ್ ಹಿಗ್ಗಿ ತೊಂದರೆ. ನಿಮಗೆ ಆ ಭಯ ಇಲ್ಲ. ಕಾಲಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ನೋಡ್ಕೊಳ್ಳಿ. ಹೊಲಿಗೆ ಮಿಷನ್ ತುಳಿದ ಹಾಗೆ ಪಾದ ಆಡಿಸ್ತಾ ಇರಿ, ನೀರು ಕುಡೀರಿ. ಒಂದೇ ಕಾಲಿನ ಮೀನಖಂಡ ಊದಿ ನೋವು ಬಂದರೆ, ಉಸಿರು ಕಟ್ಟಿದರೆ, ತಕ್ಷಣ ಹೇಳಿ.

ಎಂಜಿ ರೋಡ್ ಟ್ಯಾಕ್ಸಿ:
ಅಮ್ಮ, ನಾನು ಗಾಡಿ ಓಡಿಸೋನು. ಮಳೆಗಾಲದಲ್ಲಿ ಮಂಗಳೂರು ಬೇಡ. ದೋಣಿಗಾಲ್ ಹತ್ರ ಗುಡ್ಡ ಜರುಗಿ ಗಾಡಿಗಳು ನಿಂತರೆ ನೀವೂ ಕೂತಲ್ಲೇ. ಬೆಂಗಳೂರು ದೂರ ಜಾಸ್ತಿ, ಆದರೆ ರಸ್ತೆ ಸಪಾಟು. ನೆಲಮಂಗಲದಿಂದ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಹೋದರೆ ಸಿಟಿ ಒಳಗೆ ಹೋಗೋದೇ ಬೇಡ. ಚನ್ನರಾಯಪಟ್ಟಣ, ಬೆಳ್ಳೂರು ಕ್ರಾಸ್, ಕುಣಿಗಲ್, ಮೂರೂ ಕಡೆ ಇಳಿದು ಐದೈದು ನಿಮಿಷ ಓಡಾಡಿ. ಮುಂದಿನ ಸೀಟು ಹಿಂದಕ್ಕೆ ಒರಗಿಸಿಕೊಡ್ತೀವಿ. ದೊಡ್ಡ ಗಾಡಿ ಅಂತ ಕಡೇ ಸೀಟಲ್ಲಿ ಮಾತ್ರ ಕೂರಬೇಡಿ, ಅದು ಚಕ್ರದ ಮೇಲಿರುತ್ತೆ, ಹಂಪ್ ಎಲ್ಲಾ ಸೊಂಟಕ್ಕೇ. ಸಾಧ್ಯವಾದರೆ ಹಿಂದಿನ ದಿನವೇ ಹೋಗಿ ರೂಮಲ್ಲಿ ಕಾಲು ಚಾಚಿ ಮಲಗಿ.

ಹಾಸನದ ಅಮ್ಮ:
ಸಿಸ್ಟರ್, ನಿಮ್ಮ ಮಾತು ಓದಿ ಸೀದಾ ಅಡುಗೆಮನೆಗೆ ಹೋದೆ. ಎರಡು ಕೆಜಿ ಅಂಟಿನುಂಡೆ ಆಗಲೇ ಕಟ್ಟಿ ಇಟ್ಟಿದ್ದೇನೆ. ಕೈತುಂಬಾ ಗಸಗಸೆ ಹಾಕಿ! ಪಕ್ಕದ ಮನೆ ಮಕ್ಕಳ ಪುಣ್ಯ.

ಬೆಂಗಳೂರಿಂದಲೇ ಅಂತ ಅಳಿಯಂದಿರಿಗೆ ಹೇಳಿದೆ. ವೀಲ್‌ಚೇರ್ ಕೂಡ, ಮೆಟ್ಟಿಲು ಆಗಲ್ಲ ಅಂತಲೇ. ಗುರುವಾರ ಡಾಕ್ಟರ ಹತ್ರ ಚೀಟಿಗೆ ಹೋಗ್ತೇನೆ, ಟ್ರಮಡಾಲ್ ಬದಲಿಗೆ ಬೇರೆ ಇದೆಯಾ ಅಂತಲೂ ಕೇಳ್ತೇನೆ. ಗಸಗಸೆ ಇಲ್ಲದ ಉಂಡೆ ಇನ್ನೊಂದು ಸಲ ಮಾಡಬೇಕು. ಪಾಕ ತಿರುವಲು ಸೊಸೆ ಬರ್ತಾಳೆ, ನಾನು ಪಕ್ಕದಲ್ಲಿ ಮಲಗಿಕೊಂಡು ಹದ ಹೇಳ್ತೇನೆ.